ಗುಮಾಸ್ತಾ ಕಾಗದವೂ ಗಗನದ ಪುಣ್ಯವೂ

ಮುಂಬಯಿಯಲ್ಲಿ ‘ಗುಮಾಸ್ತಾ’ ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಒಂದು, ಈ ಲೇಖಕನಂತೆ ಸರಕಾರಿ ಕಚೇರಿಯಲ್ಲಿ ಕಡತಗಳ ನಡುವೆ ದಿನ ಕಳೆಯುವ ಪ್ರಾಣಿ. ಇನ್ನೊಂದು, ಅಂಗಡಿಯ ಗೋಡೆಯ ಮೇಲೆ, ಮನೆದೇವರ ಪಟದ ಪಕ್ಕದಲ್ಲಿ, ಗಾಜು ಹಾಕಿಸಿ ತೂಗುಬಿಡುವ ನೋಂದಣಿಯ ಕಾಗದ. ಮೊದಲನೆಯದಕ್ಕೆ ಮನೆಯಲ್ಲಿ ಅಂತಹ ಮರ್ಯಾದೆಯೇನೂ ಇಲ್ಲ. ಎರಡನೆಯದಕ್ಕೆ ಮಾತ್ರ ದಿನವೂ ಊದುಬತ್ತಿಯ ಹೊಗೆ ಸಲ್ಲುತ್ತದೆ. ಅಂಗಡಿಯ ಕೆಲಸಗಾರರ ಹಿತಕ್ಕಾಗಿ ಮಾಡಿದ ಕಾಯಿದೆಯಾದುದರಿಂದ ಜನ ಅದನ್ನು ಗುಮಾಸ್ತರ ಕಾಯಿದೆ ಎಂದರು. ಕಡೆಗೆ ಕಾಗದಕ್ಕೇ ಆ ಹೆಸರು ಅಂಟಿಕೊಂಡಿತು.

ಈಚೆಗೆ ನಮ್ಮವರ ಮನೆಗಳಲ್ಲಿ ಈ ಕಾಗದದ ಜೊತೆಗೆ ಇನ್ನೊಂದು ಆಸ್ತಿಯೂ ಬಂದು ಸೇರಿದೆ. ಅದು ವಿಮಾನ ಕಂಪೆನಿಗಳು ಕೊಡುವ ಅಂಕ. ಹಾರಿದಷ್ಟೂ ಅಂಕ, ಬ್ಯಾಂಕಿನ ಕಾರ್ಡಿನಿಂದ ಖರ್ಚು ಮಾಡಿದಷ್ಟೂ ಅಂಕ. ಅಂಕಗಳು ಕೂಡಿದರೆ ಮುಂದೊಂದು ದಿನ ಪುಕ್ಕಟೆ ಟಿಕೆಟು. ಪುಣ್ಯ ಮಾಡಿದವರು ಸ್ವರ್ಗಕ್ಕೆ ಹೋಗಿ, ಪುಣ್ಯ ತೀರಿದೊಡನೆ ಭೂಮಿಗೆ ಇಳಿಯುತ್ತಾರೆಂದು ಹಿರಿಯರು ಹೇಳುತ್ತಿದ್ದರಲ್ಲವೆ? ಆ ಲೆಕ್ಕವನ್ನೇ ವಿಮಾನದವರು ಗಣಕಯಂತ್ರಕ್ಕೆ ಏರಿಸಿದ್ದಾರೆ.

ಅಂಗಡಿಯ ನೋಂದಣಿಗೂ ವಿಮಾನದ ಅಂಕಕ್ಕೂ ಎತ್ತಣಿಂದೆತ್ತಣ ಸಂಬಂಧ ಎಂದು ವಾಚಕರು ಕೇಳಬಹುದು. ಸಂಬಂಧವಿದೆ. ಎರಡರಲ್ಲಿಯೂ ಕಡೆಗೆ ಏಳುವ ಪ್ರಶ್ನೆ ಒಂದೇ: ಯಾರ ಹೆಸರಿನಲ್ಲಿ? ದುಡಿಮೆ ಇಡೀ ಮನೆಯದು, ಬಂಡವಾಳ ಇಬ್ಬರದು, ಬೆವರು ನಾಲ್ವರದು. ಹೆಸರು ಮಾತ್ರ ಒಬ್ಬರದು. ಎಲ್ಲವೂ ಸುಖವಾಗಿ ಸಾಗುವವರೆಗೆ ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಕೇಳುವ ದಿನ ಬಂದಾಗ ಉತ್ತರ ಹುಡುಕಲು ಹೊತ್ತಿರುವುದಿಲ್ಲ.

ಹಿರಿಯರ ಕಾಲದ ಬಾಯಿಮಾತು

ನಮ್ಮ ಹಿರಿಯರು ಈ ಊರಿಗೆ ಬಂದಾಗ ಕಾಗದಪತ್ರಗಳ ಗೊಡವೆ ಅಷ್ಟಾಗಿ ಇರಲಿಲ್ಲ. ಹಡಗಿನಲ್ಲಿ ಬಂದವರು, ಘಟ್ಟ ಹತ್ತಿ ಇಳಿದು ರೈಲು ಹಿಡಿದವರು, ಬಂದೊಡನೆ ಪರಿಚಯದವರ ಹೋಟೆಲಿನಲ್ಲಿ ಕಪ್ಪುಬಸಿ ತೊಳೆಯಲು ನಿಂತರು. ಹಗಲು ದುಡಿದು ಕನ್ನಡ ರಾತ್ರಿಶಾಲೆಯಲ್ಲಿ ಕಲಿತರು. ಕೆಲವರು ಮುಂದೆ ತಾವೇ ಹೋಟೆಲು ಇಟ್ಟರು. ೧೯೪೨ರಲ್ಲಿ ರಾಮ ನಾಯಕರು ಮಾಟುಂಗಾ ಸ್ಟೇಶನ್ನಿನ ಹತ್ತಿರ ತೆರೆದ ಶ್ರೀಕೃಷ್ಣ ಬೋರ್ಡಿಂಗಿನ ಬಾಳೆಯೆಲೆಯ ಊಟ ಇಂದಿಗೂ ಈ ನಗರದಲ್ಲಿ ಹೆಸರುವಾಸಿಯಾಗಿದೆ.

ಆ ಕಾಲದಲ್ಲಿಯೂ ಕಾಯಿದೆ ಇರಲಿಲ್ಲವೆಂದಲ್ಲ. ಅಂಗಡಿ ಮತ್ತು ಸಂಸ್ಥೆಗಳ ಬಗ್ಗೆ ಮುಂಬಯಿ ಪ್ರಾಂತವು ೧೯೩೯ರಲ್ಲಿಯೇ ಒಂದು ಕಾಯಿದೆ ಮಾಡಿತ್ತು. ಸ್ವಾತಂತ್ರ್ಯದ ಬಳಿಕ ಅದರ ಸ್ಥಾನದಲ್ಲಿ ೧೯೪೮ರ ಕಾಯಿದೆ ಬಂದಿತು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರದ ಕಡೆಯವರು ಆಗ ಮುಂಬಯಿ ರಾಜ್ಯದ ಪ್ರಜೆಗಳೇ. ೧೯೫೬ರ ನವೆಂಬರ್ ೧ರ ತನಕ ಅವರಿಗೂ ಇಲ್ಲಿಯ ಸರಕಾರವೇ ಸರಕಾರ. ಆದರೂ ನಮ್ಮವರಲ್ಲಿ ಪಾಲುಗಾರಿಕೆ ನಡೆಯುತ್ತಿದ್ದುದು ಬಾಯಿಮಾತಿನ ಮೇಲೆ. ‘ಅರ್ಧ ನಿನ್ನದು, ಅರ್ಧ ನನ್ನದು’ ಎಂದು ದೇವರ ಮುಂದೆ ಹೇಳಿದರೆ ಮುಗಿಯಿತು. ಆ ಮಾತು ಹೇಳಿದವರ ಕಾಲಕ್ಕೆ ನಿಂತಿತು. ಅವರ ಮಕ್ಕಳ ಕಾಲಕ್ಕೆ ಅನೇಕ ಕಡೆ ನಿಲ್ಲಲಿಲ್ಲ ಎಂಬುದನ್ನು ನಮ್ಮ ಸಂಘದ ಹಿರಿಯರು ಬಲ್ಲರು. ಎಷ್ಟೋ ಪಂಚಾಯಿತಿಗಳು ಅವರ ಮುಂದೆಯೇ ಆಗಿವೆ.

ಇಂದಿನ ಕಾಗದಗಳು

ಈಗ ೧೯೪೮ರ ಕಾಯಿದೆ ಇಲ್ಲ. ಅದರ ಬದಲಿಗೆ ಮಹಾರಾಷ್ಟ್ರದ ೨೦೧೭ರ ಕಾಯಿದೆ ಅದೇ ವರ್ಷದ ಡಿಸೆಂಬರ್ ೧೯ರಿಂದ ಜಾರಿಗೆ ಬಂದಿತು. ಇದರಲ್ಲಿ ಚಿಕ್ಕ ಅಂಗಡಿಯವರಿಗೆ ದೊಡ್ಡ ಸೌಕರ್ಯ ಮಾಡಿಕೊಟ್ಟಿದ್ದಾರೆ. ಹತ್ತಕ್ಕಿಂತ ಕಡಮೆ ಕೆಲಸಗಾರರಿದ್ದರೆ ನೋಂದಣಿಯ ಅಗತ್ಯವೇ ಇಲ್ಲ. ಕೆಲಸ ಆರಂಭಿಸಿದ ೬೦ ದಿನಗಳೊಳಗೆ ‘ಇಂತಹ ಸ್ಥಳದಲ್ಲಿ ಇಂತಹ ವ್ಯಾಪಾರ ಆರಂಭಿಸಿದ್ದೇನೆ’ ಎಂದು ಸೂಚನೆ ಕೊಟ್ಟು ರಸೀದಿ ಪಡೆದರೆ ಸಾಕು ಎಂದಾಯಿತು. ಈ ಹತ್ತರ ಗೆರೆಯನ್ನು ಇಪ್ಪತ್ತಕ್ಕೆ ಏರಿಸಲು ೨೦೨೫ರಲ್ಲಿ ರಾಜ್ಯದ ಸಚಿವ ಸಂಪುಟವು ಒಪ್ಪಿತು. ಅರ್ಜಿಯನ್ನು ಅಂತರ್ಜಾಲದ ಮೂಲಕವೇ ಸಲ್ಲಿಸಬಹುದು. ವಾರ್ಡ್ ಆಫೀಸಿನ ಮೆಟ್ಟಿಲುಗಳನ್ನು ಸವೆಸುವ ಕಾಲ ಕಳೆಯಿತು.

ಕಾಯಿದೆಯಿಂದ ಸೌಕರ್ಯ ಪಡೆದವರು ಅದರ ಉಳಿದ ಪುಟಗಳನ್ನೂ ಓದತಕ್ಕದ್ದು. ಕೆಲಸದವರಿಗೆ ವಾರಕ್ಕೊಂದು ರಜೆ, ವರ್ಷಕ್ಕೆ ಎಂಟು ದಿನ ಸಾಂದರ್ಭಿಕ ರಜೆ ಆ ಪುಟಗಳಲ್ಲಿವೆ. ಅಂಗಡಿಯ ಬೋರ್ಡು ಮರಾಠಿಯಲ್ಲಿ, ದೇವನಾಗರಿ ಲಿಪಿಯಲ್ಲಿ ಇರತಕ್ಕದ್ದು. ಜೊತೆಗೆ ಕನ್ನಡದಲ್ಲಿಯೂ ಬರೆಯಿಸಲು ಅಡ್ಡಿಯಿಲ್ಲ. ಮರಾಠಿಯ ಅಕ್ಷರ ಅದಕ್ಕಿಂತ ಸಣ್ಣದಾಗಕೂಡದು, ಅಷ್ಟೆ. ಅನ್ನ ಕೊಟ್ಟ ಊರಿನ ಭಾಷೆಗೆ ಅಷ್ಟು ಗೌರವ ಸಲ್ಲಿಸುವುದು ನಮಗೆ ಭಾರವೇನೂ ಅಲ್ಲ.

ಎರಡನೆಯದು ‘ಉದ್ಯಮ’ ನೋಂದಣಿ. ಇದು ಕೇಂದ್ರ ಸರಕಾರದ್ದು. ಹಿಂದಿದ್ದ ‘ಉದ್ಯೋಗ ಆಧಾರ’ದ ಸ್ಥಾನದಲ್ಲಿ ೨೦೨೦ರ ಜುಲೈ ೧ರಿಂದ ಆರಂಭವಾಯಿತು. ಆಧಾರ ಸಂಖ್ಯೆ, ಪ್ಯಾನ್, ಬ್ಯಾಂಕಿನ ಖಾತೆಯ ವಿವರ ಇವಿಷ್ಟಿದ್ದರೆ ಮನೆಯಲ್ಲಿಯೇ ಕುಳಿತು ಅರ್ಧ ಗಂಟೆಯಲ್ಲಿ ಮುಗಿಸಬಹುದು. ಕಾಗದ ಲಗತ್ತಿಸುವುದಿಲ್ಲ, ವರ್ಷವರ್ಷ ನವೀಕರಣವಿಲ್ಲ, ಶುಲ್ಕವೂ ಇಲ್ಲ. ೨೦೨೫ರ ಏಪ್ರಿಲ್ ೧ರಿಂದ ಯಂತ್ರೋಪಕರಣಗಳ ಮೇಲಿನ ಬಂಡವಾಳ ಎರಡೂವರೆ ಕೋಟಿ ರೂಪಾಯಿ, ವಾರ್ಷಿಕ ವಹಿವಾಟು ಹತ್ತು ಕೋಟಿ ರೂಪಾಯಿ ಮೀರದವರೆಲ್ಲ ‘ಅತಿ ಸಣ್ಣ’ ಉದ್ಯಮದವರೆಂದು ಲೆಕ್ಕ. ನಮ್ಮಲ್ಲಿ ಹೆಚ್ಚಿನವರು ಈ ಲೆಕ್ಕದೊಳಗೇ ಬರುತ್ತಾರೆ.

ತಿನ್ನುವ ಪದಾರ್ಥ ಮಾರುವವರಿಗೆ ಆಹಾರ ಸುರಕ್ಷತೆಯ ಪ್ರಾಧಿಕಾರದ ಹದಿನಾಲ್ಕು ಅಂಕಿಗಳ ಸಂಖ್ಯೆಯೂ ಬೇಕು. ಉದ್ಯಮದ ಸಂಖ್ಯೆ ಅದರ ಕೆಲಸವನ್ನು ಮಾಡುವುದಿಲ್ಲ. ಸರಕು ಮತ್ತು ಸೇವಾ ತೆರಿಗೆಯ, ಅಂದರೆ ಜಿ.ಎಸ್.ಟಿ.ಯ ನೋಂದಣಿ ಮಹಾರಾಷ್ಟ್ರದೊಳಗೆ ಸರಕು ಮಾರುವವರಿಗೆ ವರ್ಷಕ್ಕೆ ೪೦ ಲಕ್ಷ, ಸೇವೆಯವರಿಗೆ ೨೦ ಲಕ್ಷ ರೂಪಾಯಿ ವಹಿವಾಟು ದಾಟಿದ ಮೇಲೆ ಕಡ್ಡಾಯ. ಹೋಟೆಲು ಸೇವೆಯ ಲೆಕ್ಕಕ್ಕೆ ಸೇರುತ್ತದೆ ಎಂಬುದನ್ನು ಮರೆಯಬಾರದು.

ಡೊಂಬಿವಿಲಿಯ ಕಡಕ್ ರೊಟ್ಟಿ

ಡೊಂಬಿವಿಲಿಯಲ್ಲಿ ಧಾರವಾಡದ ಕಡೆಯ ಒಬ್ಬ ಹಿರಿಯ ಹೆಣ್ಣುಮಗಳು ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಹಿಂಡಿ ಮಾಡಿ ಮಾರುತ್ತಾರೆ. ಯಜಮಾನರು ತೀರಿಕೊಂಡ ಮೇಲೆ ಎರಡು ಮಕ್ಕಳನ್ನು ಓದಿಸಿದ್ದು ಆ ರೊಟ್ಟಿಯೇ. ಒಮ್ಮೆ ಸಂಘದ ಕಾರ್ಯಕ್ರಮದಲ್ಲಿ ಸಿಕ್ಕಾಗ ಪಿಶವಿಯಿಂದ ಮಡಿಸಿದ ಕಾಗದವೊಂದನ್ನು ತೆಗೆದು, “ಮೂರು ಸಾವಿರ ಕೊಟ್ಟು ಮಾಡಿಸೀನಿ. ಖರೇ ಅದನೋ ಸುಳ್ಳದನೋ ಒಂದೀಟು ನೋಡಪಾ ತಮ್ಮಾ” ಎಂದರು. ನೋಡಿದೆ. ಉದ್ಯಮದ ಪ್ರಮಾಣಪತ್ರ, ಸಾಚಾ. ಆದರೆ ಸರಕಾರ ಒಂದು ಪೈಸೆಯನ್ನೂ ಕೇಳದೆ ಕೊಡುವ ಕಾಗದಕ್ಕೆ ಯಾರೋ ಮಧ್ಯವರ್ತಿ ಮೂರು ಸಾವಿರ ಎಣಿಸಿಕೊಂಡಿದ್ದ. ಆ ಮೂರು ಸಾವಿರವೆಂದರೆ ಎಷ್ಟು ರೊಟ್ಟಿ ಎಂದು ಲೆಕ್ಕ ಹಾಕುವ ಧೈರ್ಯ ನನಗಾಗಲಿಲ್ಲ.

ಸರಕಾರದ ತಾಣವನ್ನೇ ಹೋಲುವ ಖಾಸಗಿ ತಾಣಗಳು ಅನೇಕ ಇವೆ. ಬಣ್ಣ, ಲಾಂಛನ ಎಲ್ಲವೂ ಸರಕಾರದ್ದೇ ಎಂಬಂತೆ ತೋರುತ್ತವೆ. ಕೊನೆಯಲ್ಲಿ ‘ಶುಲ್ಕ’ ಕೇಳುತ್ತವೆ. ಗುರುತು ಸುಲಭ: ಅಸಲಿ ತಾಣದ ವಿಳಾಸ ‘ಗವ್ ಡಾಟ್ ಇನ್’ ಎಂದು ಮುಗಿಯುತ್ತದೆ. ಉದ್ಯಮ ನೋಂದಣಿಗೆ ಹಣ ಕೇಳಿದರೆಂದರೆ ನಾವು ತಪ್ಪು ಬಾಗಿಲಿನಲ್ಲಿ ನಿಂತಿದ್ದೇವೆ ಎಂದರ್ಥ.

ಆದರೆ ಆ ಕಾಗದದಿಂದ ಅವರಿಗೆ ಆದ ಲಾಭ ಸಣ್ಣದಲ್ಲ. ಅದರ ಆಧಾರದ ಮೇಲೆ ಮುದ್ರಾ ಯೋಜನೆಯಲ್ಲಿ ಸಾಲಕ್ಕೆ ಅರ್ಜಿ ಹಾಕಿದರು. ೨೦೧೫ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ‘ಶಿಶು’ ಎಂಬ ಮೊದಲ ಮೆಟ್ಟಿಲು ೫೦,೦೦೦ ರೂಪಾಯಿಯವರೆಗೆ, ‘ಕಿಶೋರ’ ಐದು ಲಕ್ಷದವರೆಗೆ, ‘ತರುಣ’ ಹತ್ತು ಲಕ್ಷದವರೆಗೆ. ಶಿಶುವಿನಿಂದ ಆರಂಭಿಸಿ ಅವರು ಹಿಟ್ಟು ನಾದುವ ಯಂತ್ರ ತಂದರು. ಅದಕ್ಕೂ ಹೆಚ್ಚಿನ ಮಾತೆಂದರೆ, ಸರಕು ತೆಗೆದುಕೊಂಡು ಆರು ತಿಂಗಳು ದುಡ್ಡು ಸತಾಯಿಸುತ್ತಿದ್ದ ದೊಡ್ಡ ಅಂಗಡಿಯೊಂದಕ್ಕೆ ಕಾಯಿದೆಯ ಹೆಸರಿನಲ್ಲಿ ಪತ್ರ ಬರೆದರು. ೨೦೦೬ರ ಸಣ್ಣ ಉದ್ಯಮಗಳ ಕಾಯಿದೆಯ ಪ್ರಕಾರ, ಬರೆವಣಿಗೆಯ ಕರಾರು ಇಲ್ಲದಿದ್ದರೆ ೧೫ ದಿನಗಳೊಳಗೆ, ಇದ್ದರೂ ೪೫ ದಿನ ಮೀರದಂತೆ, ನೋಂದಾಯಿತ ಸಣ್ಣ ತಯಾರಕನಿಗೆ ಹಣ ಸಲ್ಲಿಸತಕ್ಕದ್ದು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ಅದೂ ತಿಂಗಳ ಚಕ್ರಬಡ್ಡಿ! ಪತ್ರ ತಲುಪಿದ ಹತ್ತನೆಯ ದಿನ ಹಣ ಬಂದಿತು. ಸರಕು ಕೊಡುವ ಮೊದಲೇ ಅವರ ನೋಂದಣಿ ಆಗಿತ್ತಾದುದರಿಂದ ವಾದಕ್ಕೆ ಎಡೆಯಿರಲಿಲ್ಲ. ಕಾಗದದ ಮೇಲೆ ಹೆಸರಿದ್ದುದು ಮಗನದಲ್ಲ, ಅಳಿಯನದಲ್ಲ. ರೊಟ್ಟಿ ತಟ್ಟಿದ ಕೈಯದೇ. ಇಲ್ಲಿ ಗಮನಿಸತಕ್ಕ ಮಾತು ಅದೇ.

ಊರಿನ ದಾರಿ

ಇನ್ನು ವಿಮಾನದ ಕಡೆಗೆ ಬರೋಣ.

೧೯೩೨ರ ಅಕ್ಟೋಬರ್ ೧೫ರಂದು ಜೆ.ಆರ್.ಡಿ. ಟಾಟಾ ಅವರು ಕರಾಚಿಯಿಂದ ಅಹಮದಾಬಾದಿನ ಮಾರ್ಗವಾಗಿ ಟಪಾಲು ಹೊತ್ತ ಪುಟ್ಟ ವಿಮಾನವನ್ನು ನಮ್ಮ ಜುಹುವಿಗೆ ತಂದಿಳಿಸಿದರು. ೧೯೫೧ರ ಡಿಸೆಂಬರ್ ೨೫ರಂದು ಮಂಗಳೂರಿನ ಬಜ್ಪೆಯ ನಿಲ್ದಾಣದಲ್ಲಿ ನೆಹರೂ ಅವರು ಇಳಿದರು. ಆದರೆ ವಿಮಾನವು ಬಹುಕಾಲ ನಮ್ಮಂಥವರು ಕತ್ತೆತ್ತಿ ನೋಡುವ ವಸ್ತುವಾಗಿಯೇ ಇತ್ತು. ನಮ್ಮದೇನಿದ್ದರೂ ಒಂದಿಡೀ ದಿನದ ಬಸ್ಸು. ೧೯೯೮ರ ಜನವರಿ ೨೬ರಂದು ಕೊಂಕಣ ರೈಲುಮಾರ್ಗ ಪೂರ್ತಿಯಾಗಿ ತೆರೆದಾಗ, ಸುರಂಗ ಸುರಂಗಗಳನ್ನು ದಾಟಿ ಒಂದು ರಾತ್ರಿಯಲ್ಲಿ ಊರು ಸೇರಬಹುದಾದುದೇ ದೊಡ್ಡ ಸೋಜಿಗವೆನಿಸಿತು. ಬಳಿಕ ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥರು ೨೦೦೩ರಲ್ಲಿ ಆರಂಭಿಸಿದ ಏರ್ ಡೆಕ್ಕನ್ ಸಂಸ್ಥೆಯು ಸಾಮಾನ್ಯನಿಗೂ ವಿಮಾನದ ಬಾಗಿಲು ತೆರೆಯಿತು. ಇಂದು ಹೋಟೆಲಿನ ಮಾಣಿಯೂ ತಂಗಿಯ ಮದುವೆಗೆ ಹಾರಿಹೋಗಿ ಬರುತ್ತಾನೆ. ಸಂತೋಷದ ಸಂಗತಿ.

ವಿಮಾನಗಳು ಹೆಚ್ಚಿದಂತೆ ಗಿರಾಕಿಯನ್ನು ಕಟ್ಟಿಹಾಕುವ ಉಪಾಯವೂ ಹೆಚ್ಚಿತು. ಅಮೆರಿಕನ್ ಏರ್‌ಲೈನ್ಸ್ ಸಂಸ್ಥೆಯು ೧೯೮೧ರ ಮೇ ೧ರಂದು ಇಂತಹ ದೊಡ್ಡ ಯೋಜನೆಯನ್ನು ಹೊರಡಿಸಿತು; ಲೋಕದ ಉಳಿದ ಕಂಪೆನಿಗಳು ಅದನ್ನೇ ಅನುಸರಿಸಿದುವು. ಮುಂಬಯಿಯಲ್ಲಿಯೇ ೧೯೯೩ರಲ್ಲಿ ಹಾರಾಟ ಆರಂಭಿಸಿದ ಜೆಟ್ ಏರ್‌ವೇಸ್‌ಗೆ ‘ಜೆಟ್ ಪ್ರಿವಿಲೆಜ್’ ಇತ್ತು. ಏರ್ ಇಂಡಿಯಾದ ‘ಫ್ಲೈಯಿಂಗ್ ರಿಟರ್ನ್ಸ್’ ೨೦೨೫ರಲ್ಲಿ ‘ಮಹಾರಾಜಾ ಕ್ಲಬ್’ ಎಂಬ ಹೆಸರು ತಳೆಯಿತು. ೧೯೪೬ರಲ್ಲಿ ಬಾಬಿ ಕೂಕಾ ಅವರ ಕಲ್ಪನೆಯಿಂದ, ಉಮೇಶ್ ರಾವ್ ಎಂಬ ಕಲಾವಿದರ ಕೈಯಿಂದ ಮೂಡಿದ ಆ ಮೀಸೆಯ ಮಹಾರಾಜನ ಹೆಸರೇ ಅದು. ಇಂಡಿಗೋ ಸಂಸ್ಥೆಯೂ ೨೦೨೪ರಲ್ಲಿ ‘ಬ್ಲೂಚಿಪ್’ ಎಂಬ ಯೋಜನೆಯನ್ನು ತಂದಿತು.

ಮೊದಮೊದಲು ಹಾರಿದ ಮೈಲಿಗೆ ಅಂಕ ಸಿಗುತ್ತಿತ್ತು. ಈಗ ಅನೇಕ ಯೋಜನೆಗಳಲ್ಲಿ ಕೊಟ್ಟ ಹಣಕ್ಕೆ ಅಂಕ. ವಿಮಾನ ಹತ್ತದೆಯೂ ಅಂಕ ಗಳಿಸಬಹುದು. ಬ್ಯಾಂಕಿನ ಕಾರ್ಡಿನಿಂದ ಕಿರಾಣಿ ತಂದರೆ ಅಂಕ, ವಿದ್ಯುತ್ ಬಿಲ್ಲು ಕಟ್ಟಿದರೆ ಅಂಕ. ನಮ್ಮ ಗೃಹಿಣಿಯರು ಬೇಳೆ ತರುವಾಗಲೂ ‘ಎಷ್ಟು ಪಾಯಿಂಟು ಬಂತು?’ ಎಂದು ಕೇಳುವಂತಾಗಿದೆ.

ಅಂಕದ ಅಂಕಗಣಿತ

ಇಲ್ಲಿ ಕೊಂಚ ಲೆಕ್ಕ ಮಾಡುವುದು ಲೇಸು. ಒಂದು ಹೋಟೆಲಿನವರು ತಿಂಗಳಿಗೆ ೨ ಲಕ್ಷ ರೂಪಾಯಿಯ ಸಾಮಾನನ್ನು ಕಾರ್ಡಿನಿಂದ ಕೊಳ್ಳುತ್ತಾರೆಂದು ಇಟ್ಟುಕೊಳ್ಳಿ. ನೂರು ರೂಪಾಯಿಗೆ ೨ ಅಂಕದಂತೆ ತಿಂಗಳಿಗೆ ೪,೦೦೦, ವರ್ಷಕ್ಕೆ ೪೮,೦೦೦ ಅಂಕ. ಒಂದು ಅಂಕಕ್ಕೆ ಕಾಲು ರೂಪಾಯಿ ಬೆಲೆ ಹಿಡಿದರೆ ವರ್ಷಕ್ಕೆ ೧೨,೦೦೦ ರೂಪಾಯಿ. ಕೆಟ್ಟದ್ದೇನಲ್ಲ. ಆದರೆ ಬಿಲ್ಲು ಕಟ್ಟುವುದು ಒಂದು ತಿಂಗಳು ತಡವಾಯಿತೆನ್ನಿ. ಶೇಕಡಾ ಮೂರೂವರೆಯ ತಿಂಗಳ ಬಡ್ಡಿಯಾದರೆ ೨ ಲಕ್ಷಕ್ಕೆ ೭,೦೦೦ ರೂಪಾಯಿ. ಎರಡು ತಿಂಗಳ ಆಲಸ್ಯಕ್ಕೆ ೧೪,೦೦೦. ವರ್ಷವಿಡೀ ಕೂಡಿಸಿದ ಪುಣ್ಯವೂ ಹೋಯಿತು, ಮೇಲೆ ೨,೦೦೦ ಕೈಬಿಟ್ಟಿತು. ಬಿಲ್ಲನ್ನು ಗಡುವಿನೊಳಗೆ ಪೂರ್ತಿ ಕಟ್ಟುವವನಿಗೆ ಮಾತ್ರ ಅಂಕ ಲಾಭ. ಉಳಿದವರಿಗೆ ಅದು ಬೋನಿನೊಳಗಿನ ಕೊಬ್ಬರಿ ಚೂರು.

ಇನ್ನೊಂದು ಮಾತು. ಅಂಕದ ಬೆಲೆಯನ್ನು ನಿಶ್ಚಯಿಸುವವರು ಕಂಪೆನಿಯವರು, ಬದಲಿಸುವವರೂ ಅವರೇ. ‘ಪುಕ್ಕಟೆ’ ಟಿಕೆಟಿಗೂ ತೆರಿಗೆ, ಶುಲ್ಕಗಳನ್ನು ನಗದಾಗಿ ಕೊಡಬೇಕಾಗಿ ಬರುವುದುಂಟು. ಬಹುಪಾಲು ಯೋಜನೆಗಳಲ್ಲಿ ಬಹುಕಾಲ ಉಪಯೋಗಿಸದ ಅಂಕ ಬತ್ತಿಹೋಗುತ್ತದೆ. ಕಿಂಗ್‌ಫಿಷರ್ ಸಂಸ್ಥೆ ೨೦೧೨ರ ಅಕ್ಟೋಬರಿನಲ್ಲಿ ನೆಲಕ್ಕಿಳಿದಾಗ, ಕೂಡಿಟ್ಟ ಮೈಲುಗಳಿಂದ ಹಾರಲು ಅದರ ವಿಮಾನವೇ ಉಳಿಯಲಿಲ್ಲ. ಜೆಟ್ ಏರ್‌ವೇಸ್ ೨೦೧೯ರ ಏಪ್ರಿಲ್ ೧೭ರಂದು ಹಾರಾಟ ನಿಲ್ಲಿಸಿದಾಗ ಅದರ ಅಂಕದ ಯೋಜನೆ ಬೇರೆ ಕಂಪೆನಿಯಾಗಿದ್ದುದರಿಂದ ‘ಇಂಟರ್‌ಮೈಲ್ಸ್’ ಎಂಬ ಹೆಸರಿನಿಂದ ಮುಂದುವರಿಯಿತು. ವಿಸ್ತಾರಾ ಸಂಸ್ಥೆ ೨೦೨೪ರ ನವೆಂಬರ್ ೧೨ರಂದು ಏರ್ ಇಂಡಿಯಾದೊಳಗೆ ಸೇರಿದಾಗ ಸದಸ್ಯರ ಅಂಕಗಳೂ ಅದರೊಡನೆ ಅಲ್ಲಿಗೆ ಹೋದುವು. ಮೂರು ಸಂಸ್ಥೆಗಳು, ಮೂರು ಗತಿ. ಅಂಕವನ್ನು ಬಂಗಾರದಂತೆ ಪೆಟ್ಟಿಗೆಯಲ್ಲಿಡದೆ ಮೊಸರಿನಂತೆ ಹುಳಿಯಾಗುವ ಮೊದಲು ಬಳಸುವುದೇ ಜಾಣತನ.

ಭಾವ ಭಾವಂದಿರ ವ್ಯಾಜ್ಯ

ಈಗ ಎರಡು ಕಾಗದಗಳೂ ಕೂಡುವ ಸ್ಥಳಕ್ಕೆ ಬಂದೆವು. ಭಾಂಡುಪಿನಲ್ಲಿ ಉಡುಪಿ ಕಡೆಯ ಇಬ್ಬರು, ಸಂಬಂಧದಲ್ಲಿ ಭಾವ ಭಾವಂದಿರು, ಪಾಲಿನಲ್ಲಿ ಕ್ಯಾಂಟೀನು ನಡೆಸುತ್ತಾರೆ. ಹತ್ತು ವರ್ಷ ಹಾಲೂ ನೀರೂ ಬೆರೆತಂತೆ ನಡೆಯಿತು. ಗುಮಾಸ್ತಾ ಕಾಗದ ಹಿರಿಯರ ಹೆಸರಿನಲ್ಲಿ, ಪಾಲುಪತ್ರ ಬರೆದಿರಲಿಲ್ಲ. ಅಕ್ಕಿ, ಎಣ್ಣೆ, ಗ್ಯಾಸು ಎಲ್ಲವೂ ಹಿರಿಯರ ಕಾರ್ಡಿನಿಂದಲೇ ಬರುತ್ತಿದ್ದುವು. ವರ್ಷಗಟ್ಟಲೆ ಕೂಡಿದ ಅಂಕಗಳಿಂದ ಹಿರಿಯರು ಒಂದು ಬೇಸಿಗೆಯಲ್ಲಿ ಸಂಸಾರಸಮೇತ ದುಬಾಯಿಯಲ್ಲಿರುವ ಮಗಳ ಮನೆಗೆ ಹೋಗಿಬಂದರು.

ಅದೇ ಮಳೆಗಾಲದಲ್ಲಿ ಒಂದು ರಾತ್ರಿ ಹನ್ನೊಂದಕ್ಕೆ ಕಿರಿಯರಿಗೆ ಊರಿಂದ ಫೋನು ಬಂದಿತು: ತಂದೆಗೆ ಸೀರಿಯಸ್, ಕೂಡಲೆ ಹೊರಟು ಬನ್ನಿ. ಬೆಳಗಿನ ವಿಮಾನಕ್ಕೆ ಆ ಹೊತ್ತಿನಲ್ಲಿ ಕೇಳಿದ ಬೆಲೆ ಮಾಮೂಲಿನ ನಾಲ್ಕು ಪಟ್ಟು. ಹೆಂಡತಿ, ಮಕ್ಕಳಿಬ್ಬರು ಸೇರಿ ನಾಲ್ಕು ಟಿಕೆಟಿಗೆ ಕೈಯಲ್ಲಿದ್ದ ದುಡ್ಡು ಸಾಲದಾಯಿತು. ಹಿರಿಯರ ಅಂಕ ಆಗಲೇ ತೀರಿತ್ತು. ಕಿರಿಯರು ರೈಲು ಹತ್ತಿದರು. ಮಳೆಯಿಂದ ಗಾಡಿ ತಡವಾಯಿತು. ಅವರು ಮನೆ ಮುಟ್ಟುವಾಗ ತಂದೆಯವರನ್ನು ಹೊರಗೆ ಮಲಗಿಸಿಯಾಗಿತ್ತು.

ಹದಿಮೂರು ಕಳೆದು ಹಿಂದಿರುಗಿದ ಮೇಲೆ ಮಾತು ಎದ್ದಿತು. “ಕಾರ್ಡು ನಂದು ಮಾರಾಯ್ರೆ. ಬಿಲ್ಲು ಕಟ್ಟದಿದ್ರೆ ಬ್ಯಾಂಕಿನವರು ಬರುದು ನನ್ನ ಬಾಗಿಲಿಗೆ, ಭಾವನ ಬಾಗಿಲಿಗಲ್ಲ” ಎಂದು ಹಿರಿಯರು. “ಕಾರ್ಡು ಅವರದ್ದೇ, ಇಲ್ಲ ಅಂದವರು ಯಾರು? ಎಣ್ಣೆ ಡಬ್ಬ, ಅಕ್ಕಿ ಮೂಟೆ ಇಬ್ಬರದ್ದಲ್ವಾ?” ಎಂದು ಕಿರಿಯರು. ಇಬ್ಬರ ಮಾತಿನಲ್ಲಿಯೂ ಸುಳ್ಳಿರಲಿಲ್ಲ. ವ್ಯಾಜ್ಯ ಬಲಿಯುವುದು ಇಂತಹ ಕಡೆಯೇ.

ವಕೀಲರ ಹತ್ತಿರ ಹೋದಾಗ ತಿಳಿದ ಸಂಗತಿ ನಮ್ಮವರೆಲ್ಲ ಅರಿತಿರತಕ್ಕದ್ದು. ೧೯೩೨ರ ಪಾಲುಗಾರಿಕೆ ಕಾಯಿದೆಯಲ್ಲಿ ಪಾಲುಸಂಸ್ಥೆಯ ನೋಂದಣಿ ಕಡ್ಡಾಯವಲ್ಲ. ಆದರೆ ೬೯ನೆಯ ಕಲಮಿನ ಪ್ರಕಾರ, ನೋಂದಾಯಿಸದಿದ್ದರೆ ಪಾಲುಗಾರನು ಕರಾರಿನ ಹಕ್ಕಿಗಾಗಿ ಸಂಸ್ಥೆಯ ಮೇಲಾಗಲಿ ಇನ್ನೊಬ್ಬ ಪಾಲುಗಾರನ ಮೇಲಾಗಲಿ ದಾವೆ ಹೂಡುವಂತಿಲ್ಲ. ಬಾಕಿ ಉಳಿಸಿದ ಹೊರಗಿನವರ ಮೇಲೂ ಸಂಸ್ಥೆ ಹೂಡುವಂತಿಲ್ಲ. ಸಂಸ್ಥೆಯನ್ನು ಮುರಿದು ಲೆಕ್ಕ ಕೇಳುವ ದಾವೆಗೆ ಮಾತ್ರ ಅವಕಾಶ. ಮಹಾರಾಷ್ಟ್ರವು ೧೯೮೪ರ ತಿದ್ದುಪಡಿಯಿಂದ ಅದನ್ನೂ ಮುಚ್ಚಿತ್ತು. ೨೦೦೯ರಲ್ಲಿ ಸುಪ್ರೀಂ ಕೋರ್ಟು ಆ ತಿದ್ದುಪಡಿ ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪು ಕೊಟ್ಟಿತು. ಎಂದರೆ ಕೂಡಿ ಬಾಳಲು ಕೋರ್ಟಿನ ಸಹಾಯ ಇಲ್ಲ, ಒಡೆದು ಬೇರೆಯಾಗಲು ಮಾತ್ರ ಇದೆ! ಹತ್ತು ವರ್ಷ ಕಟ್ಟಿದ ಕ್ಯಾಂಟೀನನ್ನು ಕೆಲವು ಸಾವಿರ ಅಂಕಗಳಿಗಾಗಿ ಒಡೆಯುವುದೆ?

ಒಡೆಯಲಿಲ್ಲ. ಎರಡು ಕಡೆಗೂ ಬೇಕಾದ ಹಿರಿಯರೊಬ್ಬರು ಒಂದು ಭಾನುವಾರ ಇಬ್ಬರನ್ನೂ ಕೂರಿಸಿದರು. ಪಾಲುಪತ್ರ ಬರೆದು, ಸಂಸ್ಥೆಗಳ ರಿಜಿಸ್ಟ್ರಾರರಲ್ಲಿ ನೋಂದಾಯಿಸುವುದೆಂದು ಗೊತ್ತಾಯಿತು. ಗುಮಾಸ್ತಾ, ಉದ್ಯಮ, ಆಹಾರದ ಸಂಖ್ಯೆ ಎಲ್ಲವೂ ಸಂಸ್ಥೆಯ ಹೆಸರಿಗೆ. ಖರೀದಿಗೆ ಬೇರೆ ಕಾರ್ಡು. ಪಾಲುಪತ್ರದಲ್ಲಿ ವಕೀಲರು ಹಿಂದೆಂದೂ ಬರೆಯದಿದ್ದ ಕಲಮೊಂದು ಸೇರಿತು: ವ್ಯಾಪಾರದ ಖರ್ಚಿನಿಂದ ಬಂದ ಅಂಕ ಯಾರ ಖಾತೆಯಲ್ಲಿದ್ದರೂ ಇಬ್ಬರದು, ನಾಲ್ಕು ಟಿಕೆಟಿಗೆ ಸಾಲುವಷ್ಟನ್ನು ಸದಾ ಮುಟ್ಟದೆ ಇಡತಕ್ಕದ್ದು, ಯಾರ ಮನೆಯಿಂದ ಕೆಟ್ಟ ಸುದ್ದಿ ಬಂದರೂ ಮೊದಲ ಹಕ್ಕು ಅವರದು. ಕಿರಿಯರು ಸಹಿ ಹಾಕಿದರು. ಹಿರಿಯರು ಪೆನ್ನು ಹಿಡಿದು ಸ್ವಲ್ಪ ಹೊತ್ತು ಸುಮ್ಮನಿದ್ದು, “ಇದನ್ನು ಆಗಲೇ ಬರೀಬೇಕಿತ್ತು” ಎಂದು ಸಹಿ ಹಾಕಿದರಂತೆ.

ಕೆಲವು ವ್ಯಾವಹಾರಿಕ ಸೂಚನೆಗಳು

ಅಂಕವು ಸಾಧಾರಣವಾಗಿ ಹಾರಿದವನ ಹೆಸರಿಗೆ, ಕಾರ್ಡಿನದಾದರೆ ಕಾರ್ಡಿನವನ ಹೆಸರಿಗೆ ಜಮೆಯಾಗುತ್ತದೆ. ಬೇರೆಯವರ ಖಾತೆಗೆ ವರ್ಗಾಯಿಸಲು ಹಲವು ನಿರ್ಬಂಧಗಳಿವೆ. ಆದರೆ ಅಂಕ ಬಳಸಿ ಮನೆಯವರಿಗೆ ಟಿಕೆಟು ತೆಗೆಯಲು ಅನೇಕ ಯೋಜನೆಗಳು ಅವಕಾಶ ಕೊಡುತ್ತವೆ. ಹೆಸರುಗಳನ್ನು ಮೊದಲೇ ಸೇರಿಸಿಡಿ. ಸದಸ್ಯರು ತೀರಿಕೊಂಡರೆ ಅಂಕದ ಗತಿಯೇನೆಂಬುದು ಯೋಜನೆಯಿಂದ ಯೋಜನೆಗೆ ಬೇರೆ, ನಿಯಮ ಓದಿಡಿ.

ಸಣ್ಣ ಸಂಸ್ಥೆಗಳಿಗೆಂದೇ ಕೆಲವು ವಿಮಾನ ಕಂಪೆನಿಗಳು ಪ್ರತ್ಯೇಕ ಯೋಜನೆ ಇಟ್ಟಿವೆ. ಎಮಿರೇಟ್ಸ್‌ನ ‘ಬಿಸಿನೆಸ್ ರಿವಾರ್ಡ್ಸ್’, ಸಿಂಗಾಪುರ ಏರ್‌ಲೈನ್ಸ್‌ನ ‘ಹೈಫ್ಲೈಯರ್’ ಈ ಬಗೆಯವು. ಇವುಗಳಲ್ಲಿ ಸಂಸ್ಥೆಯ ಖಾತೆಗೆ ಬೇರೆ ಅಂಕ, ಪ್ರಯಾಣ ಮಾಡಿದವನಿಗೆ ಅವನ ಅಂಕ. ಕೊಲ್ಲಿಗೆ ಹೋಗಿಬರುವ ವ್ಯಾಪಾರಸ್ಥರು ವಿಚಾರಿಸಬಹುದು. ಆದರೆ ಸೇರಲು ಸಂಸ್ಥೆಯೊಂದು ಕಾಗದದ ಮೇಲೆ ಇರಬೇಕು. ಬಾಯಿಮಾತಿನ ಸಂಸ್ಥೆಗೆ ವಿಮಾನದವರು ಅಂಕ ಕೊಡುವುದಿಲ್ಲ.

ಟಿಕೆಟು ಕೊಳ್ಳುವಾಗ ಜಿ.ಎಸ್.ಟಿ. ಸಂಖ್ಯೆ ಕೊಟ್ಟರೆ, ವ್ಯಾಪಾರದ ಪ್ರಯಾಣಕ್ಕೆ ತೆತ್ತ ತೆರಿಗೆಯನ್ನು ತಮ್ಮ ತೆರಿಗೆಯಲ್ಲಿ ಕಳೆದುಕೊಳ್ಳಬಹುದು. ಸಾಧಾರಣ ದರ್ಜೆಯ ಟಿಕೆಟಿಗೆ ಶೇಕಡಾ ೫ ತೆರಿಗೆ. ಮೇಲಿನ ದರ್ಜೆಗೆ ೨೦೨೫ರ ಸೆಪ್ಟೆಂಬರ್ ೨೨ರಿಂದ ಶೇಕಡಾ ೧೮. ಆದರೆ ಶೇಕಡಾ ೫ರ ದರದಲ್ಲಿ ತೆರಿಗೆ ಕಟ್ಟುವ ಹೋಟೆಲಿನವರಿಗೆ ಈ ಕಳೆತದ ಸೌಲಭ್ಯವಿಲ್ಲ. ಮತ್ತೆ, ಊರಿನ ಜಾತ್ರೆಗೆ ಹೋದುದನ್ನು ವ್ಯಾಪಾರದ ಪ್ರಯಾಣವೆಂದು ಬರೆಯತಕ್ಕದ್ದಲ್ಲ. ಇದನ್ನು ಗುಮಾಸ್ತನೊಬ್ಬನು ಹೇಳಿದನೆಂದು ನಗಬೇಡಿ. ಲೆಕ್ಕ ತಪಾಸಣೆಯವರು ನಗುವುದಿಲ್ಲ.

ಬರುವ ಭಾನುವಾರ ಊಟವಾದ ಮೇಲೆ ಒಂದು ಗಂಟೆ ಬಿಡುವು ಮಾಡಿಕೊಂಡು, ಮನೆಯ ಕಾಗದಗಳನ್ನೆಲ್ಲ ಚಾಪೆಯ ಮೇಲೆ ಹರಡಿ ನೋಡಬೇಕೆಂದು ವಾಚಕರಲ್ಲಿ ವಿನಂತಿ. ಅಂಗಡಿ ಯಾರ ಹೆಸರಿನಲ್ಲಿದೆ, ಖಾತೆಗೆ ವಾರಸುದಾರರ ಹೆಸರು ಬರೆದಿದೆಯೇ, ಕಾರ್ಡಿನ ಅಂಕ ಎಷ್ಟು ಉಳಿದಿದೆ, ಯಾವ ತಾರೀಕಿಗೆ ತೀರುತ್ತದೆ ಎಂದು ಒಂದು ಹಾಳೆಯಲ್ಲಿ ಬರೆದು, ಆ ಹಾಳೆ ಎಲ್ಲಿದೆ ಎಂಬುದನ್ನು ಮನೆಯಾಕೆ, ಮಕ್ಕಳಿಗೂ ತಿಳಿಸಿಡಿ. ರಾತ್ರಿ ಹನ್ನೊಂದಕ್ಕೆ ಊರಿಂದ ಫೋನು ಬರುವ ಮೊದಲು ಇಷ್ಟಾಗಲಿ.